ಮೂಡಲ್: ಪ್ರಗತಿ ಪಟ್ಟಿಯಲ್ಲಿ 100%, ಆದರೂ ಕೋರ್ಸ್ ‘ಪೂರ್ಣ’ ಆಗುತ್ತಿಲ್ಲ [ಪರಿಹಾರವಾಗಿದೆ]

ಕಲಿಕೆತಾಣ_ಅಡ್ಮಿನ್:
ಮೂಡಲ್ (ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ) 4.1, ಲಿನಕ್ಸ್ ಸರ್ವರ್. ಕೋರ್ಸಿನಲ್ಲಿ 12 ಚಟುವಟಿಕೆಗಳಿವೆ: 8 ಓದುವ ಪುಟ, 2 ಕ್ವಿಜ್, 1 ಅಸೈನ್‌ಮೆಂಟ್, 1 ಸ್ಕಾರ್ಮ್ ಪಾಠ (ಬೇರೆಡೆ ತಯಾರಿಸಿ ಪ್ಯಾಕೇಜ್ ಆಗಿ ಮೂಡಲ್‌ಗೆ ಹಾಕುವಂಥದ್ದು). ಎಲ್ಲದಕ್ಕೂ ಆಕ್ಟಿವಿಟಿ ಕಂಪ್ಲೀಷನ್ (ಮುಗಿಸಿದವರಿಗೆ ಟಿಕ್ ಬೀಳುವ ವ್ಯವಸ್ಥೆ) ಹಾಕಿದೆ. ಕೋರ್ಸ್ ಕಂಪ್ಲೀಷನ್‌ನಲ್ಲಿ ಎರಡು ಷರತ್ತು: 12 ಚಟುವಟಿಕೆಯೂ ಮುಗಿಯಬೇಕು, ಕೋರ್ಸ್ ಗ್ರೇಡ್ 60 ಬರಬೇಕು. ಎರಡೂ ಕಡ್ಡಾಯ.

ತೊಂದರೆ ಮೂರು ಬಗೆಯದು. ಬಹಳ ಜನರಿಗೆ ಡ್ಯಾಶ್‌ಬೋರ್ಡಿನಲ್ಲಿ 100% ಕಾಣುತ್ತಿದೆ, ಆದರೆ ಕೋರ್ಸ್ ಕಂಪ್ಲೀಷನ್ ವರದಿಯಲ್ಲಿ ಒಬ್ಬರೂ ಪೂರ್ಣ ಆಗಿಲ್ಲ. ಕೆಲವರು ಸ್ಕಾರ್ಮ್ ಪಾಠವನ್ನು ಕೊನೆಯ ಸ್ಲೈಡ್‌ವರೆಗೆ ನೋಡಿದ್ದರೂ ಟಿಕ್ ಬಿದ್ದಿಲ್ಲ. ಇನ್ನು ‘ತರಬೇತಿ ಸಹಾಯಕ’ ಎಂಬ ಹೊಸ ರೋಲ್ ಕೊಟ್ಟು ಸೇರಿಸಿದವರ ಹೆಸರೇ ವರದಿಯಲ್ಲಿಲ್ಲ. ಕಂಪ್ಲೀಷನ್ ಅನ್‌ಲಾಕ್ ಮಾಡಿ ಮತ್ತೆ ಸೇವ್ ಮಾಡಿದರೆ ಸರಿಹೋಗುತ್ತದೆಯೇ?

ಕ್ರಾನ್_ಕಾವಲು:
ಅನ್‌ಲಾಕ್ ಬಟನ್ ಸದ್ಯಕ್ಕೆ ಮುಟ್ಟಲೇಬೇಡಿ. ಚಟುವಟಿಕೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಒತ್ತಿ ಸೇವ್ ಮಾಡಿದರೆ ಆ ಚಟುವಟಿಕೆಯಲ್ಲಿ ಎಲ್ಲರ ಕಂಪ್ಲೀಷನ್ ದಾಖಲೆಯೂ ಅಳಿಸಿಹೋಗುತ್ತದೆ. ಗ್ರೇಡ್ ಮೇಲೆ ನಿಂತದ್ದನ್ನು ಮೂಡಲ್ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ. ಕಲಿಯುವವರು ‘ಮಾರ್ಕ್ ಆಸ್ ಡನ್’ ಒತ್ತಿ ತಾವೇ ಹಾಕಿದ ಟಿಕ್‌ಗಳು ಮಾತ್ರ ಹೋದವು ಹೋದವೇ.

ನೀವು ನೋಡುತ್ತಿರುವುದು ಮೂರು ಬೇರೆ ಬೇರೆ ಲೆಕ್ಕದ ಪುಸ್ತಕ. ಆಕ್ಟಿವಿಟಿ ಕಂಪ್ಲೀಷನ್ ಅಂದರೆ ಪ್ರತಿ ಚಟುವಟಿಕೆಯಲ್ಲಿ ಪ್ರತಿಯೊಬ್ಬರ ಸ್ಥಿತಿ. ಕೋರ್ಸ್ ಕಂಪ್ಲೀಷನ್‌ಗೆ ಅದರದೇ ಷರತ್ತುಗಳ ಪಟ್ಟಿ ಇದೆ. ಡ್ಯಾಶ್‌ಬೋರ್ಡಿನ ಶೇಕಡಾವಾರು ಈ ಎರಡನೆಯ ಪಟ್ಟಿಯನ್ನು ಓದುವುದೇ ಇಲ್ಲ. ಕಂಪ್ಲೀಷನ್ ಆನ್ ಇರುವ ಚಟುವಟಿಕೆಗಳಲ್ಲಿ ಎಷ್ಟು ಮುಗಿದಿವೆ ಎಂದು ಎಣಿಸಿ ತೋರಿಸುತ್ತದೆ, ಅಷ್ಟೆ. ಕೋರ್ಸ್ ಪೂರ್ಣ ಎಂದು ಆಗಲೇ ದಾಖಲಾಗಿದ್ದರೆ ಮಾತ್ರ ಎಣಿಸದೆ ನೇರ 100 ಕೊಡುತ್ತದೆ. ಹಾಗಾಗಿ 12ಕ್ಕೆ 12 ಮುಗಿಸಿದವರಿಗೆ, ಗ್ರೇಡ್ ಷರತ್ತು ಬಾಕಿ ಇದ್ದರೂ, 100% ಕಾಣುವುದು ಸಹಜ.

ಒಬ್ಬರೂ ಪೂರ್ಣ ಆಗಿಲ್ಲ ಅಂದರೆ ಎಲ್ಲರಿಗೂ ಅಡ್ಡ ನಿಂತಿರುವುದು ಒಂದೇ ಕಾರಣ ಇರಬೇಕು. ಇವಿಷ್ಟು ನೋಡಿ ಹೇಳಿ:

1. ಸೈಟ್ ಅಡ್ಮಿನಿಸ್ಟ್ರೇಷನ್ > ಸರ್ವರ್ > ಟಾಸ್ಕ್ಸ್ > ಶೆಡ್ಯೂಲ್ಡ್ ಟಾಸ್ಕ್ಸ್. ಅಲ್ಲಿ ‘ಕ್ಯಾಲ್ಕುಲೇಟ್ ರೆಗ್ಯುಲರ್ ಕಂಪ್ಲೀಷನ್ ಡೇಟಾ’ ಕೊನೆಯ ಸಲ ಯಾವಾಗ ಓಡಿದೆ? ಗ್ರೇಡ್, ದಿನಾಂಕದಂಥ ಷರತ್ತುಗಳನ್ನು ಪರಿಶೀಲಿಸಿ ಒಟ್ಟುಗೂಡಿಸುವುದು ಇದೇ ಟಾಸ್ಕ್. ಒಂದು ಸುತ್ತಿನಲ್ಲಿ ಷರತ್ತು ಈಡೇರಿದ್ದು ಗುರುತಾದರೆ, ಕೋರ್ಸ್ ಪೂರ್ಣ ಎಂಬ ತೀರ್ಮಾನ ಮುಂದಿನ ಸುತ್ತಿಗೆ ಹೋಗಬಹುದು. ಹಾಗಾಗಿ ಕ್ರಾನ್ (ಇಂಥ ಟಾಸ್ಕ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಸರ್ವರ್ ವ್ಯವಸ್ಥೆ) ನಿಮಿಷಕ್ಕೊಮ್ಮೆ ಓಡುತ್ತಿರಬೇಕು.

2. ಗ್ರೇಡ್‌ಬುಕ್ ಸೆಟಪ್‌ನಲ್ಲಿ ಕೋರ್ಸ್ ಟೋಟಲ್‌ನ ಗರಿಷ್ಠ ಅಂಕ ಎಷ್ಟು? ನನಗೆ ಹೆಚ್ಚು ಅನುಮಾನ ಇದರ ಮೇಲೇ.

3. ಕೋರ್ಸ್ ಕಂಪ್ಲೀಷನ್ ವರದಿಯಲ್ಲಿ 100% ಇರುವ ಒಬ್ಬರ ಸಾಲು ತೆಗೆದು, ಯಾವ ಕಾಲಂ ಖಾಲಿ ಇದೆ ಎಂದು ನೋಡಿ.

ಪಾಠಪೆಟ್ಟಿಗೆ:
ಸ್ಕಾರ್ಮ್ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಪಾಠ ಮುಗಿದಿದೆಯೋ ಇಲ್ಲವೋ ಎಂದು ಹೇಳುವುದು ಮೂಡಲ್ ಅಲ್ಲ, ಪ್ಯಾಕೇಜ್. ಮೂಡಲ್ ಅದು ಕಳಿಸಿದ ಮಾತನ್ನು ಬರೆದಿಟ್ಟುಕೊಂಡು ನಿಮ್ಮ ಷರತ್ತಿನ ಜೊತೆ ಹೋಲಿಸುತ್ತದೆ. ಆದ್ದರಿಂದ ಮೊದಲು ಸ್ಕಾರ್ಮ್ ಚಟುವಟಿಕೆಯ ರಿಪೋರ್ಟ್ಸ್ ತೆರೆದು, ಟಿಕ್ ಬೀಳದ ಒಬ್ಬರ ಅಟೆಂಪ್ಟ್‌ನ ಟ್ರ್ಯಾಕ್ ವಿವರ ನೋಡಿ.

ಸ್ಕಾರ್ಮ್ 1.2ರಲ್ಲಿ ಲೆಸನ್ ಸ್ಟೇಟಸ್ ಅನ್ನುವ ಒಂದೇ ಜಾಗ. ಅದರಲ್ಲಿ ‘ಕಂಪ್ಲೀಟೆಡ್’ ಅಥವಾ ‘ಪಾಸ್ಡ್’, ಎರಡರಲ್ಲಿ ಒಂದು ಮಾತ್ರ ಕೂರುತ್ತದೆ. ಪ್ಯಾಕೇಜ್ ‘ಪಾಸ್ಡ್’ ಕಳಿಸುವಾಗ ನೀವು ‘ಕಂಪ್ಲೀಟೆಡ್’ ಒಂದನ್ನೇ ಕೇಳಿದ್ದರೆ ಟಿಕ್ ಬೀಳುವುದೇ ಇಲ್ಲ. ಸ್ಕಾರ್ಮ್ 2004ರಲ್ಲಿ ಮುಗಿಸಿದ್ದಕ್ಕೂ ತೇರ್ಗಡೆಗೂ ಬೇರೆ ಬೇರೆ ಜಾಗ ಇರುವುದರಿಂದ ಈ ಗೋಜಲು ಕಡಿಮೆ.

ನಿಮ್ಮಲ್ಲಿ ಕೆಲವರಿಗೆ ಮಾತ್ರ ಹೀಗಾಗುತ್ತಿದೆ. ಆದ್ದರಿಂದ ಇನ್ನೆರಡು ಸಾಧ್ಯತೆ:

ಒಂದು, ಪಾಠದೊಳಗಿನ ಎಕ್ಸಿಟ್ ಒತ್ತದೆ ಬ್ರೌಸರ್ ಟ್ಯಾಬನ್ನೇ ಮುಚ್ಚುವುದು. ಪ್ಯಾಕೇಜ್ ತನ್ನ ಮಾಹಿತಿಯನ್ನು ಕೊನೆಯಲ್ಲಿ ಒಮ್ಮೆಲೇ ಕಳಿಸುವಂಥದ್ದಾದರೆ ಸ್ಥಿತಿ ‘ಇನ್‌ಕಂಪ್ಲೀಟ್’ ಆಗಿಯೇ ಉಳಿದೀತು. ಚಟುವಟಿಕೆಯ ಸೆಟ್ಟಿಂಗ್ಸ್‌ನಲ್ಲಿ ‘ಆಟೊ-ಕಮಿಟ್’ ಆನ್ ಮಾಡಿ.

ಎರಡು, ಸಸ್ಪೆಂಡ್ ಡೇಟಾ. ಎಲ್ಲಿಗೆ ನಿಲ್ಲಿಸಿದರು, ಯಾವ ಸ್ಲೈಡ್ ನೋಡಿದರು ಎಂಬುದನ್ನು ಪ್ಯಾಕೇಜ್ ಬರೆದಿಡುವ ಜಾಗ ಇದು. 1.2ರಲ್ಲಿ ಇದಕ್ಕೆ 4096 ಅಕ್ಷರದ ಮಿತಿ ಇದೆ. ಉದ್ದನೆಯ ಪಾಠ ಮಿತಿ ದಾಟಿತು ಅನ್ನಿ, ಆಮೇಲಿನದು ಉಳಿಯುವುದಿಲ್ಲ. ಮತ್ತೆ ತೆರೆದವರು ಹಿಂದಿನ ಸ್ಲೈಡ್‌ಗೆ ಬಂದು ನಿಲ್ಲುತ್ತಾರೆ. ಒಂದೇ ಸಲ ಕೂತು ಮುಗಿಸಿದವರಿಗೆ ತೊಂದರೆ ಇಲ್ಲದೆ, ಬಿಟ್ಟು ಬಿಟ್ಟು ನೋಡಿದವರಿಗೆ ಮಾತ್ರ ಇದ್ದರೆ ಇದೇ ಕಾರಣ ಇರುವ ಸಂಭವ ಹೆಚ್ಚು. ಪ್ಯಾಕೇಜನ್ನು 2004ಕ್ಕೆ ಮತ್ತೆ ಪಬ್ಲಿಷ್ ಮಾಡುವುದು ಸರಿಯಾದ ದಾರಿ. ಆಗದಿದ್ದರೆ ಸ್ಕಾರ್ಮ್ ಪ್ಲಗಿನ್‌ನ ಅಡ್ಮಿನ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಕಾರ್ಮ್ ಸ್ಟ್ಯಾಂಡರ್ಡ್ಸ್ ಮೋಡ್’ ಆಫ್ ಮಾಡಿದರೆ ಮಿತಿಗಿಂತ ಹೆಚ್ಚು ಬರೆಯಲು ಮೂಡಲ್ ಬಿಡುತ್ತದೆ.

‘ಫೋರ್ಸ್ ಕಂಪ್ಲೀಟೆಡ್’ ಎಂಬ ಆಯ್ಕೆಯೂ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಅದರ ಕಡೆ ಹೋಗಬೇಡಿ. ಪ್ಯಾಕೇಜ್ ಕಳಿಸಿದ ಸ್ಥಿತಿಯನ್ನೇ ಅದು ಬದಲಿಸುತ್ತದೆ. ಪಾಠ ಮುಗಿಸದವರೂ ಮುಗಿಸಿದವರ ಸಾಲಿಗೆ ಸೇರಿಕೊಂಡರೆ ನಿಮ್ಮ ವರದಿಗೆ ಬೆಲೆ ಎಲ್ಲಿಯದು?

ಕಲಿಕೆತಾಣ_ಅಡ್ಮಿನ್:
ಇಬ್ಬರಿಗೂ ಧನ್ಯವಾದ. ಕ್ರಾನ್ ನಿಮಿಷಕ್ಕೊಮ್ಮೆ ಓಡುತ್ತಿದೆ, ಟಾಸ್ಕ್ ಲಾಗ್‌ನಲ್ಲಿ ತಪ್ಪೇನೂ ಇಲ್ಲ. 100% ಇರುವ ಎಲ್ಲರಿಗೂ ಕೋರ್ಸ್ ಗ್ರೇಡ್ ಕಾಲಂ ಖಾಲಿ. ಕೋರ್ಸ್ ಟೋಟಲ್ ‘ನ್ಯಾಚುರಲ್’ (ಅಂಕಗಳನ್ನು ನೇರವಾಗಿ ಕೂಡಿಸುವ ವಿಧಾನ), ಗರಿಷ್ಠ 50: ಕ್ವಿಜ್ 20 + 20, ಅಸೈನ್‌ಮೆಂಟ್ 10. ಸ್ಕಾರ್ಮ್‌ಗೆ ಅಂಕ ಇಟ್ಟಿಲ್ಲ. ಅದು 1.2, ಸ್ಥಿತಿ ‘ಇನ್‌ಕಂಪ್ಲೀಟ್’, ಸಿಕ್ಕಿಬಿದ್ದವರೆಲ್ಲ ಎರಡು ಮೂರು ಸಲಕ್ಕೆ ಪಾಠ ನೋಡಿದವರು.

ಕ್ರಾನ್_ಕಾವಲು:
ಹಾಗಾದರೆ ಗಂಟು ಸಿಕ್ಕಿತು. ಆ 60 ಶೇಕಡಾ ಅಲ್ಲ, ಅಂಕ. ಕೋರ್ಸ್ ಟೋಟಲ್‌ನ ಅಂತಿಮ ಅಂಕವನ್ನು ಮೂಡಲ್ ಆ ಸಂಖ್ಯೆಯ ಜೊತೆ ನೇರವಾಗಿ ಹೋಲಿಸುತ್ತದೆ. 50ಕ್ಕೆ 60 ಯಾರಿಗೂ ಬರುವುದಿಲ್ಲ. ನಿಮಗೆ ಬೇಕಿರುವುದು 60% ಆದರೆ ಅಲ್ಲಿ 30 ಹಾಕಬೇಕು. ಮುಂದೆ ಒಂದು ಕ್ವಿಜ್ ಸೇರಿಸಿ ಒಟ್ಟು 70 ಆದರೆ ಈ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ, ನೀವೇ 42 ಮಾಡಬೇಕು. ಹೊಸ ಕ್ವಿಜ್‌ಗೆ ಕೋರ್ಸ್ ಕಂಪ್ಲೀಷನ್ ಪಟ್ಟಿಯಲ್ಲಿ ಟಿಕ್ ಹಾಕುವ ಕೆಲಸವೂ ನಿಮ್ಮದೇ. ಇದೇ ಕಾರಣಕ್ಕೆ ಪ್ರತಿ ಕ್ವಿಜ್‌ನಲ್ಲಿ ‘ಗ್ರೇಡ್ ಟು ಪಾಸ್’ ಇಟ್ಟು, ‘ಪಾಸಿಂಗ್ ಗ್ರೇಡ್’ ಷರತ್ತನ್ನು ಅಲ್ಲಿಯೇ ಹಾಕಿ, ಕೋರ್ಸ್ ಗ್ರೇಡ್ ಷರತ್ತನ್ನು ಕೈಬಿಡುವುದು ನನಗೆ ಹೆಚ್ಚು ಹಿಡಿಸುತ್ತದೆ. ಆದರೆ ನಡೆಯುತ್ತಿರುವ ಬ್ಯಾಚ್‌ನಲ್ಲಿ ಹಾಗೆ ಮಾಡಲು ಕ್ವಿಜ್‌ಗಳನ್ನೂ ಅನ್‌ಲಾಕ್ ಮಾಡಬೇಕಾಗುತ್ತದೆ. ಈಗ 30 ಹಾಕಿ, ಮುಂದಿನ ಬ್ಯಾಚ್‌ಗೆ ಬದಲಿಸಿ.

30 ಹಾಕುವುದಕ್ಕೂ ಕೋರ್ಸ್ ಕಂಪ್ಲೀಷನ್ ಪುಟವನ್ನು ಅನ್‌ಲಾಕ್ ಮಾಡಲೇಬೇಕು. ಮೊದಲು ಆಕ್ಟಿವಿಟಿ ಕಂಪ್ಲೀಷನ್, ಕೋರ್ಸ್ ಕಂಪ್ಲೀಷನ್ ಎರಡೂ ವರದಿಗಳನ್ನು ಸ್ಪ್ರೆಡ್‌ಶೀಟ್ ಆಗಿ ಇಳಿಸಿಟ್ಟುಕೊಳ್ಳಿ. ಅಳಿಯುವುದು ಕೋರ್ಸ್ ಮಟ್ಟದ ದಾಖಲೆ. ಚಟುವಟಿಕೆಗಳ ಟಿಕ್ ಹಾಗೇ ಇರುತ್ತದೆ, ಅದರಿಂದ ಕ್ರಾನ್ ಎಲ್ಲವನ್ನೂ ಮತ್ತೆ ಕಟ್ಟುತ್ತದೆ. ಶಿಕ್ಷಕರು ಕೈಯಿಂದ ಕೊಟ್ಟ ‘ಪೂರ್ಣ’ ಗುರುತಿದ್ದರೆ ಅದು ಮರಳದು. ನಿಮ್ಮಲ್ಲಿ ಅಂಥ ಷರತ್ತು ಇಲ್ಲ, ಧೈರ್ಯವಾಗಿ ಮಾಡಿ.

ಹೊಸ ರೋಲ್ ವಿಷಯ: ವರದಿಯಲ್ಲಿ ಹೆಸರು ಬರಲು ‘ಇಸ್ ಇನ್ ಕಂಪ್ಲೀಷನ್ ರಿಪೋರ್ಟ್ಸ್’ ಎಂಬ ಕೇಪಬಿಲಿಟಿ (ರೋಲ್‌ಗೆ ಕೊಡುವ ಅನುಮತಿ) ಬೇಕು. ಅದು ತಾನಾಗಿ ಬರುವುದು ಸ್ಟೂಡೆಂಟ್ ರೋಲ್‌ಗೆ. ಡಿಫೈನ್ ರೋಲ್ಸ್‌ನಲ್ಲಿ ನಿಮ್ಮ ರೋಲ್ ತೆರೆದು ಅದಕ್ಕೆ ಅಲೋ ಕೊಡಿ. ಜೊತೆಗೆ ಗ್ರೇಡ್ಸ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ‘ಗ್ರೇಡೆಡ್ ರೋಲ್ಸ್’ ಪಟ್ಟಿಗೂ ಸೇರಿಸಿ. ಇಲ್ಲದಿದ್ದರೆ ಗ್ರೇಡ್‌ಬುಕ್‌ನಲ್ಲಿ ಅವರು ಕಾಣುವುದಿಲ್ಲ.

ಕಲಿಕೆತಾಣ_ಅಡ್ಮಿನ್:
30 ಹಾಕಿ ಸೇವ್ ಮಾಡಿ ಕ್ರಾನ್ ಓಡಿದ ಮೇಲೆ ಅರ್ಹರೆಲ್ಲ ಪೂರ್ಣ ಆದರು. ರೋಲ್ ಸರಿಪಡಿಸಿದ ಮೇಲೆ ಸಹಾಯಕರ ಹೆಸರೂ ಬಂತು. ಸ್ಕಾರ್ಮ್‌ಗೆ ಸದ್ಯಕ್ಕೆ ಸ್ಟ್ಯಾಂಡರ್ಡ್ಸ್ ಮೋಡ್ ಆಫ್ ಮಾಡಿ ಆಟೊ-ಕಮಿಟ್ ಹಾಕಿದೆ, ಮತ್ತೆ ತೆರೆದವರಿಗೆ ಟಿಕ್ ಬೀಳುತ್ತಿದೆ. ಇನ್ನು ಪ್ರಮಾಣಪತ್ರದ ಚಟುವಟಿಕೆ ಸೇರಿಸಬೇಕು. ಅದನ್ನೂ ಕೋರ್ಸ್ ಕಂಪ್ಲೀಷನ್ ಪಟ್ಟಿಗೆ ಹಾಕಬೇಕೆ?

ಪಾಠಪೆಟ್ಟಿಗೆ:
ಬೇಡ. ಹಾಕಿದರೆ ಪ್ರಮಾಣಪತ್ರ ತೆರೆದು ನೋಡದವರು ಎಲ್ಲ ಮುಗಿಸಿಯೂ ಅಪೂರ್ಣವಾಗಿಯೇ ಉಳಿಯುತ್ತಾರೆ. ಅದರ ಕಂಪ್ಲೀಷನ್ ಅನ್ನು ಆಫ್ ಮಾಡಿ, ಆಗ ಶೇಕಡಾವಾರು ಲೆಕ್ಕಕ್ಕೂ ಬರುವುದಿಲ್ಲ. ‘ರಿಸ್ಟ್ರಿಕ್ಟ್ ಆಕ್ಸೆಸ್’ನಲ್ಲಿ ಎರಡು ಕ್ವಿಜ್, ಅಸೈನ್‌ಮೆಂಟ್, ಸ್ಕಾರ್ಮ್ ನಾಲ್ಕೂ ಮುಗಿದಿರಬೇಕು ಎಂದು ಹಾಕಿ. ಕೋರ್ಸ್ ಟೋಟಲ್‌ನ ಗ್ರೇಡ್ ಷರತ್ತನ್ನೂ ಅಲ್ಲಿ ಸೇರಿಸಬಹುದು. ಆ ಜಾಗದಲ್ಲಿ ಮಾತ್ರ ಸಂಖ್ಯೆ ಶೇಕಡಾ ಲೆಕ್ಕದ್ದು, ಹಾಗಾಗಿ ಅಲ್ಲಿ 60.