ಸಹಾಯ ಬೇಕು: ಬಿ.ಎಸ್ಸಿ. ಮಕ್ಕಳ ಕೈಗೆ ರೇಷ್ಮೆ ಮೊಟ್ಟೆಯ ಸಂಶೋಧನೆ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಕಡೆ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಮನೆಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರೇ ಹೆಚ್ಚು. ಭ್ರೂಣಶಾಸ್ತ್ರ ಅಂದರೆ ಕೋಳಿ ಭ್ರೂಣದ 33 ಗಂಟೆ, 48 ಗಂಟೆಯ ಹಳೇ ಸ್ಲೈಡ್ ನೋಡಿ ರೆಕಾರ್ಡ್‌ನಲ್ಲಿ ಚಿತ್ರ ಬರೆಯುವುದು, ಅಷ್ಟೇ. ಆಸಕ್ತಿ ಹೋಗಿ ಕೆಲವರು ಓದೇ ಬಿಡುತ್ತಾರೆ. ಇದೇ ಮಕ್ಕಳು ರೇಷ್ಮೆ ಹುಳು ಜ್ವರಕ್ಕೆ (ಅಂದರೆ ಪೊರೆ ಕಳಚಲು) ಕೂತಿದೆಯೇ ಅಂತ ಸಾಕುವ ತಟ್ಟೆ ನೋಡಿದ ತಕ್ಷಣ ಹೇಳಬಲ್ಲರು!

ಹಾಗಾಗಿ ರೇಷ್ಮೆ ಮೊಟ್ಟೆಯನ್ನೇ ಪ್ರಯೋಗಾಲಯಕ್ಕೆ ತರುವ ಆಸೆ. 25 ಡಿಗ್ರಿ ಶಾಖದಲ್ಲಿ ಸುಮಾರು 10 ದಿನಕ್ಕೆ ಮರಿ ಹೊರಬರುತ್ತದೆ. ಕೊನೆಯಲ್ಲಿ ಚಿಪ್ಪಿನೊಳಗೆ ತಲೆಯ ಕಪ್ಪು ಚುಕ್ಕೆ ಕಾಣಿಸಿ, ಆಮೇಲೆ ಮೊಟ್ಟೆ ಪೂರಾ ನೀಲಿಗಟ್ಟುತ್ತದೆ. ಶಾಖ, ತೇವ ಏರುಪೇರಾದರೆ ಏನಾಗುತ್ತದೆ ಅಂತ ತರಗತಿಯ ಪ್ರತಿಯೊಬ್ಬರೂ ಸ್ವಂತ ಪ್ರಶ್ನೆ ಹಿಡಿದು ನೋಡಬೇಕು, ಬರೀ ರ‍್ಯಾಂಕ್ ಬರುವವರಲ್ಲ.

ಇದರಿಂದ ಮಕ್ಕಳು ಕಾಲೇಜಿನಲ್ಲಿ ಉಳಿದರೋ, ಪಾಸಾದರೋ ಅಂತ ಸರಿಯಾಗಿ ಅಳೆಯುವುದು ಹೇಗೆ? ಇಷ್ಟಪಟ್ಟು ಬಂದವರನ್ನಷ್ಟೇ ಎಣಿಸಿದರೆ ಫಲಿತಾಂಶ ಹೇಗೂ ಚೆನ್ನಾಗಿಯೇ ಕಾಣುತ್ತದೆ. ಹಿಂದಿನ ಬ್ಯಾಚಿನ ಹಾಜರಾತಿ, ಅಂಕಗಳ ಜೊತೆ ಹೋಲಿಸಿದರೆ ಸಾಕೇ? ಪದವಿ ಮಕ್ಕಳಿಂದ ಸಂಶೋಧನೆ ಮಾಡಿಸಿದ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬಳಸದೆ ಇಟ್ಟ ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ, ಚಿಕ್ಕಬಳ್ಳಾಪುರ, ಕೋಲಾರ ಎಲ್ಲೇ ಇರಲಿ, ನಾನೇ ಬಂದು ತರುತ್ತೇನೆ.