ಪದಚರ್ಚೆ: ಇಂಗ್ಲೆಂಡಿನ ಆಸ್ತಿ ವ್ಯಾಜ್ಯಗಳ ಬರಹದಲ್ಲಿ ಲೀಸ್, ಲೈಸೆನ್ಸ್, ಫರ್‌ಫೀಚರ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ವಾಣಿಜ್ಯ ಮತ್ತು ಸ್ಥಿರಾಸ್ತಿ ವ್ಯಾಜ್ಯಗಳನ್ನು ನಡೆಸುವ ಬ್ಯಾರಿಸ್ಟರುಗಳ ಕೆಲಸದ ಬಗ್ಗೆ ಒಂದು ಲೇಖನ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಸದ್ಯ ಹೀಗಿದೆ: ಬ್ಯಾರಿಸ್ಟರ್, ಸಾಲಿಸಿಟರ್ ಎರಡಕ್ಕೂ 'ವಕೀಲ', ಚೇಂಬರ್ಸ್‌ಗೆ 'ವಕೀಲರ ಸಂಸ್ಥೆ', ಲೀಸ್‌ಗೆ 'ಭೋಗ್ಯ', ಲೈಸೆನ್ಸ್‌ಗೆ 'ಪರವಾನಗಿ', ಫರ್‌ಫೀಚರ್‌ಗೆ 'ಮುಟ್ಟುಗೋಲು', ಫ್ರೀಹೋಲ್ಡ್‌ಗೆ 'ಅಷ್ಟಭೋಗ ಸ್ವಾಮ್ಯ', ಪೆಪ್ಪರ್‌ಕಾರ್ನ್ ರೆಂಟ್‌ಗೆ 'ಕಾಳುಮೆಣಸಿನ ಬಾಡಿಗೆ', ಮ್ಯಾರೇಜ್ ವ್ಯಾಲ್ಯೂಗೆ 'ವಿವಾಹ ಮೌಲ್ಯ'. ಬಲ್ಲವರು ದಯವಿಟ್ಟು ತಿದ್ದಿಕೊಡಿ.

ಉತ್ತರ 1

ಬ್ಯಾರಿಸ್ಟರ್, ಸಾಲಿಸಿಟರ್ ಎರಡನ್ನೂ ಹಾಗೆಯೇ ಇಡಿ. 1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ನಮ್ಮಲ್ಲಿರುವುದು ಒಂದೇ ವರ್ಗದ ವಕೀಲರು. ಕಕ್ಷಿದಾರರ ಮಾತು ಕೇಳುವವರು, ದಾವೆ ಹೂಡುವವರು, ವಾದ ಮಾಡುವವರು ಎಲ್ಲ ಅವರೇ. ಅಲ್ಲಿ ಕಕ್ಷಿದಾರರು ಸಾಮಾನ್ಯವಾಗಿ ಮೊದಲು ಹೋಗುವುದು ಸಾಲಿಸಿಟರ್ ಹತ್ತಿರ. ಕಾಗದಪತ್ರ ಸೇರಿಸುವುದು, ಎದುರು ಪಕ್ಷಕ್ಕೆ ಪತ್ರ ಬರೆಯುವುದು, ಕಕ್ಷಿದಾರರ ಹಣವನ್ನು ಖಾತೆಯಲ್ಲಿ ಇಟ್ಟುಕೊಳ್ಳುವುದು ಅವರ ಕೆಲಸ. ಬ್ಯಾರಿಸ್ಟರ್ ಕೈಗೆ ಬರುವುದು ಕಡತ ಮತ್ತು ಪ್ರಶ್ನೆ. ಅವರು ಲಿಖಿತ ಅಭಿಪ್ರಾಯ ಕೊಡುತ್ತಾರೆ, ವಾದಪತ್ರ ಬರೆಯುತ್ತಾರೆ, ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಕಕ್ಷಿದಾರರ ಹಣವನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ.

'ಅಭಿಪ್ರಾಯ' ಎನ್ನುವಲ್ಲೂ ಎಚ್ಚರ ಬೇಕು. ನಮ್ಮಲ್ಲಿ ಬ್ಯಾಂಕಿಗೆ ಕೊಡುವ 'ಲೀಗಲ್ ಒಪಿನಿಯನ್' ಎಂದರೆ ತಾಯಿಪತ್ರ, ಖಾತೆ, ಋಣಭಾರ ಪತ್ರ ನೋಡಿ ಹಕ್ಕು ಶುದ್ಧವಾಗಿದೆ ಎನ್ನುವ ವರದಿ. ಇಂಗ್ಲೆಂಡಿನಲ್ಲಿ ಆ ತಪಾಸಣೆ ಸಾಲಿಸಿಟರ್ ಮಟ್ಟದಲ್ಲೇ ಮುಗಿಯುತ್ತದೆ. ಬ್ಯಾರಿಸ್ಟರ್ ಅಭಿಪ್ರಾಯ ಬೇಕಾಗುವುದು ತಕರಾರು ಎದ್ದಾಗ, ಇಲ್ಲವೇ ಏಳಬಹುದು ಎನಿಸಿದಾಗ.

ಚೇಂಬರ್ಸ್ ಎಂಬುದು ಸಂಸ್ಥೆಯಲ್ಲ. ಒಬ್ಬೊಬ್ಬ ಬ್ಯಾರಿಸ್ಟರ್ ಸ್ವತಂತ್ರವಾಗಿ ದುಡಿಯುವವರು; ಕಟ್ಟಡದ ಖರ್ಚು, ಗುಮಾಸ್ತರ ಸಂಬಳ ಹಂಚಿಕೊಳ್ಳುತ್ತಾರೆ, ಅಷ್ಟೇ. ಒಂದೇ ಚೇಂಬರ್ಸ್‌ನ ಇಬ್ಬರು ಒಂದೇ ಪ್ರಕರಣದಲ್ಲಿ ಎದುರುಬದುರು ನಿಲ್ಲಬಹುದು. 'ಸಂಸ್ಥೆ' ಎಂದು ಬರೆದರೆ ಓದುಗರಿಗೆ ಅದು ಅಕ್ರಮದಂತೆ ಕಾಣುತ್ತದೆ.

ಈಗ ಲೀಸ್. ಕರಡಿನಲ್ಲಿ ಅತಿ ದೊಡ್ಡ ತೊಡಕು ಇದೇ. ಬೆಂಗಳೂರಿನಲ್ಲಿ 'ಮನೆ ಲೀಸ್‌ಗಿದೆ' ಎಂಬ ಬೋರ್ಡಿನ ಅರ್ಥ ಎಲ್ಲರಿಗೂ ಗೊತ್ತು: ಇಡುಗಂಟು ಕೊಡಿ, ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಪೂರ್ತಿ ಹಣ ವಾಪಸ್. ಭೋಗ್ಯ ಎನ್ನುವುದು ಇದನ್ನೇ. ಕಾನೂನಿನ ಕಟ್ಟುನಿಟ್ಟಿನ ಅರ್ಥದಲ್ಲಿ ಭೋಗ್ಯ ಒಂದು ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಬರುತ್ತದೆ. ಅಲ್ಲಿ ಮಾಲೀಕರೇ ಸಾಲಗಾರರು, ವಾಸಕ್ಕಿರುವವರು ಸಾಲ ಕೊಟ್ಟವರು. ಲೀಸ್ ಇರುವುದು ಅದೇ ಕಾಯ್ದೆಯ 105ನೇ ಕಲಮಿನಲ್ಲಿ. ಇಂಗ್ಲೆಂಡಿನ ಲೀಸ್‌ನಲ್ಲಿ ಮೊದಲೇ ಒಂದು ಮೊತ್ತ ಕೊಟ್ಟಿದ್ದರೂ ಅದು ಹಕ್ಕಿನ ಬೆಲೆ, ಹಿಂದಿರುಗಿ ಬರುವುದಿಲ್ಲ. ಆದ್ದರಿಂದ 'ಗುತ್ತಿಗೆ'ಯೇ ಸರಿ. ಆದರೆ ಪಡೆದವರನ್ನು 'ಗುತ್ತಿಗೆದಾರ' ಎನ್ನಬೇಡಿ, ಓದುಗರ ಕಣ್ಣ ಮುಂದೆ ರಸ್ತೆ ಕಾಮಗಾರಿಯವರು ಬಂದು ನಿಲ್ಲುತ್ತಾರೆ. 'ಗುತ್ತಿಗೆಗೆ ಕೊಟ್ಟವರು', 'ಗುತ್ತಿಗೆಗೆ ಪಡೆದವರು' ಎಂದು ಬಿಡಿಸಿ ಬರೆಯಿರಿ. ಅಂಗಡಿ, ಕಚೇರಿಯ ಮಟ್ಟಿಗೆ 'ಬಾಡಿಗೆದಾರ' ಎಂದರೂ ನಡೆಯುತ್ತದೆ.

'ಪರವಾನಗಿ' ಎಂದರೆ ಪಾಲಿಕೆ ಕೊಡುವ ಕಾಗದ ಎಂಬ ಭಾವ ಬರುತ್ತದೆ. ಇಲ್ಲಿ ಬೇಕಿರುವುದು 'ಬಳಕೆಯ ಅನುಮತಿ': ಜಾಗದ ಸ್ವಾಧೀನ ಮಾಲೀಕರದೇ, ಬಳಸಲು ಮಾತ್ರ ಒಪ್ಪಿಗೆ. ಗುತ್ತಿಗೆಯೋ ಅನುಮತಿಯೋ ಎನ್ನುವ ಜಗಳವೇ ಈ ಬ್ಯಾರಿಸ್ಟರುಗಳಿಗೆ ದೊಡ್ಡ ಕೆಲಸ. 1985ರ 'ಸ್ಟ್ರೀಟ್ ವಿರುದ್ಧ ಮೌಂಟ್‌ಫೋರ್ಡ್' ತೀರ್ಪನ್ನು ನಿಮ್ಮ ಲೇಖನ ಉಲ್ಲೇಖಿಸಿಯೇ ಇರುತ್ತದೆ. ವಾರಕ್ಕೆ 37 ಪೌಂಡ್‌ಗೆ ಎರಡು ಕೋಣೆ. ಪತ್ರದ ತುಂಬ 'ಲೈಸೆನ್ಸ್' ಎಂದೇ ಬರೆದಿತ್ತು. ಜಾಗ ಪೂರ್ತಿ ಒಬ್ಬರದೇ ಸ್ವಾಧೀನದಲ್ಲಿದ್ದು, ಅವಧಿ ಮತ್ತು ಬಾಡಿಗೆ ಗೊತ್ತಾಗಿದ್ದರೆ ಅದು ಬಾಡಿಗೆದಾರಿಕೆ, ಹೆಸರು ಏನೇ ಇರಲಿ ಎಂದು ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ) ಹೇಳಿತು. ಐದು ಹಲ್ಲಿನ ಅಗೆಯುವ ಸಾಧನ ಮಾಡಿಟ್ಟು ಸನಿಕೆ ಎಂದು ಹಟ ಹಿಡಿದರೂ ಅದು ಫೋರ್ಕೇ ಎನ್ನುವ ನ್ಯಾಯಮೂರ್ತಿ ಲಾರ್ಡ್ ಟೆಂಪಲ್‌ಮನ್ ಅವರ ಮಾತು ಈ ತೀರ್ಪಿನದು. ಅನುವಾದದಲ್ಲಿ 'ಸ್ವಾಧೀನ' ಎಂಬ ಪದ ಎಲ್ಲೂ ತಪ್ಪಬಾರದು. 'ವಾಸ', 'ಬಳಕೆ' ಎಂದು ಬದಲಿಸಿದರೆ ತೀರ್ಪಿನ ತಿರುಳೇ ಹೋಗುತ್ತದೆ.

ಮಾಲೀಕರು 'ಅನುಮತಿ' ಎಂದೇ ಬರೆಸಲು ಹವಣಿಸುವುದಕ್ಕೆ ಕಾರಣ 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಎರಡನೇ ಭಾಗ. ವ್ಯಾಪಾರದ ಬಾಡಿಗೆದಾರರಿಗೆ ಅವಧಿ ಮುಗಿದ ಮೇಲೂ ಹೊಸ ಗುತ್ತಿಗೆ ಕೇಳುವ ಹಕ್ಕನ್ನು ಅದು ಕೊಡುತ್ತದೆ. ಈ ರಕ್ಷಣೆ ಇಲ್ಲದೆ ಗುತ್ತಿಗೆ ಮಾಡಿಕೊಳ್ಳಬೇಕಾದರೆ, ಒಪ್ಪಂದಕ್ಕೆ ಕನಿಷ್ಠ 14 ದಿನ ಮೊದಲು ಮಾಲೀಕರು ಎಚ್ಚರಿಕೆ ನೋಟಿಸ್ ಕೊಡಬೇಕು, ಬಾಡಿಗೆದಾರರು ಘೋಷಣೆಗೆ ಸಹಿ ಮಾಡಬೇಕು, ಅದರ ಉಲ್ಲೇಖ ಗುತ್ತಿಗೆ ಪತ್ರದಲ್ಲಿ ಇರಬೇಕು. 14 ದಿನ ಇಲ್ಲದಿದ್ದರೆ ಪ್ರಮಾಣ ಮಾಡಿದ ಘೋಷಣೆಯೇ ಬೇಕು. ಒಂದು ಹಂತ ತಪ್ಪಿದರೂ ರಕ್ಷಣೆ ಬಾಡಿಗೆದಾರರ ಪಾಲಿಗೆ ಉಳಿಯುತ್ತದೆ. ಇದನ್ನು 'ಕಾಯ್ದೆಯ ರಕ್ಷಣೆ ಬಿಟ್ಟುಕೊಡುವುದು' ಎಂದರೆ ಸಾಕು.

ಫರ್‌ಫೀಚರ್‌ಗೆ 'ಮುಟ್ಟುಗೋಲು' ಬೇಡ; ಮುಟ್ಟುಗೋಲು ಹಾಕುವುದು ಸರ್ಕಾರ ಅಥವಾ ನ್ಯಾಯಾಲಯ. ಇಲ್ಲಿ ಷರತ್ತು ಮುರಿದರೆಂದು ಮಾಲೀಕರು ಗುತ್ತಿಗೆಯನ್ನು ಅವಧಿಗೆ ಮುನ್ನ ಕೊನೆಗಾಣಿಸುತ್ತಾರೆ. 'ಷರತ್ತುಭಂಗದ ರದ್ದತಿ' ಎಂದು ನನ್ನ ಸಲಹೆ. ಪತ್ರದಲ್ಲಿ ಮರುಪ್ರವೇಶದ ಷರತ್ತು, ಅಂದರೆ ಮಾಲೀಕರು ಜಾಗವನ್ನು ಮರಳಿ ವಶಕ್ಕೆ ಪಡೆಯಬಹುದು ಎಂಬ ಷರತ್ತು, ಇದ್ದರೆ ಮಾತ್ರ ಇದು ಸಾಧ್ಯ. ಬಾಡಿಗೆ ಬಾಕಿ ಬಿಟ್ಟು ಬೇರೆ ತಪ್ಪಾದರೆ 1925ರ ಲಾ ಆಫ್ ಪ್ರಾಪರ್ಟಿ ಕಾಯ್ದೆಯ 146ನೇ ಕಲಮಿನ ನೋಟಿಸ್ ಮೊದಲು ಹೋಗಬೇಕು.

ಇದರ ಬೆನ್ನಿಗೇ 'ವೇವರ್' ಬರುತ್ತದೆ, ಅಂದರೆ ರದ್ದು ಮಾಡುವ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದು. 'ಮನ್ನಾ' ಎಂದು ಬರೆಯಬೇಡಿ. ಸಾಲಮನ್ನಾದಲ್ಲಿ ಮನ್ನಾ ಮಾಡುವ ಇಚ್ಛೆ ಇದೆ. ಇಲ್ಲಿ ಇಚ್ಛೆಯೇ ಬೇಕಿಲ್ಲ. ಅನುಮತಿ ಇಲ್ಲದೆ ಬಾಡಿಗೆದಾರರು ಜಾಗವನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟರು ಎಂದು ಗೊತ್ತಾದ ಮೇಲೂ ಮಾಲೀಕರ ಕಚೇರಿಯಿಂದ ಆನಂತರದ ಬಾಡಿಗೆಗೆ ಬೇಡಿಕೆ ಪತ್ರ ಹೋಯಿತೆಂದರೆ, ಆ ತಪ್ಪಿಗಾಗಿ ರದ್ದು ಮಾಡುವ ಹಕ್ಕು ಮುಗಿಯಿತು. ಬಿಲ್ ಕಳಿಸುವ ಗಣಕವನ್ನು ಯಾರೂ ನಿಲ್ಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕರಣ ಸೋಲುವುದುಂಟು. ದುರಸ್ತಿ ಮಾಡದಿರುವಂಥ ಮುಂದುವರಿಯುವ ತಪ್ಪಿನಲ್ಲಿ ಹಕ್ಕು ಮತ್ತೆ ಹುಟ್ಟುತ್ತದೆ. 'ಹಕ್ಕು ಕೈತಪ್ಪುವುದು' ಎಂದರೆ ಅರ್ಥ ಸರಿಯಾಗಿ ಕೂಡುತ್ತದೆ. ಹಾಗೆಯೇ ನ್ಯಾಯಾಲಯ ಬಾಡಿಗೆದಾರರಿಗೆ ಕೊಡುವ 'ರಿಲೀಫ್' ಅನ್ನು 'ಪರಿಹಾರ' ಎಂದರೆ ದುಡ್ಡು ಎಂದಾಗುತ್ತದೆ. 'ರದ್ದತಿಯಿಂದ ರಕ್ಷಣೆ' ಎನ್ನಿ.

ನೀವು ಕೇಳಿಲ್ಲ, ಆದರೆ 'ಬ್ರೇಕ್ ಕ್ಲಾಸ್' ಬಂದೇ ಬರುತ್ತದೆ: ಅವಧಿಯ ನಡುವೆ ಬಿಡುವ ಷರತ್ತು. 1997ರ 'ಮನ್ನೈ' ಪ್ರಕರಣದಲ್ಲಿ ಗುತ್ತಿಗೆ ಶುರುವಾದದ್ದು 1992ರ ಜನವರಿ 13ಕ್ಕೆ; ಬಿಡಬೇಕಾದದ್ದು ಮೂರನೇ ವಾರ್ಷಿಕ ದಿನ, ಅಂದರೆ 1995ರ ಜನವರಿ 13ಕ್ಕೆ. ನೋಟಿಸಿನಲ್ಲಿ 12 ಎಂದಿತ್ತು. ಓದಿದವರಿಗೆ ಉದ್ದೇಶ ಸ್ಪಷ್ಟವಿತ್ತು ಎಂದು ಹೌಸ್ ಆಫ್ ಲಾರ್ಡ್ಸ್ 3-2ರಲ್ಲಿ ನೋಟಿಸನ್ನು ಎತ್ತಿಹಿಡಿಯಿತು. ಕನ್ನಡದಲ್ಲಿ 'ಮೂರು ವರ್ಷ ತುಂಬಿದ ದಿನ' ಎಂದು ಬರೆದರೆ 12ನೇ ತಾರೀಖೋ 13ನೇ ತಾರೀಖೋ ಎಂಬ ಅದೇ ಗೊಂದಲ ನಮ್ಮಲ್ಲೂ ಹುಟ್ಟುತ್ತದೆ. ತಾರೀಖನ್ನೇ ಬರೆಯಿರಿ.

ಉತ್ತರ 2

ಮೇಲಿನದ್ದಕ್ಕೆ ಕರಾವಳಿಯ ಕಡೆಯಿಂದ ಒಂದು ಸೇರ್ಪಡೆ. 99, 125, 999 ವರ್ಷಗಳ ದೀರ್ಘ ಗುತ್ತಿಗೆಯನ್ನು ದಕ್ಷಿಣ ಕನ್ನಡ, ಉಡುಪಿಯವರಿಗೆ ವಿವರಿಸಲು 'ಮೂಲಗೇಣಿ' ನೆರವಾಗುತ್ತದೆ: ಗೊತ್ತುಮಾಡಿದ ಗೇಣಿ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಹಕ್ಕು. ನಮ್ಮ ರಾಜ್ಯ ಇಂಥವರಿಗೆ ಒಡೆತನ ಕೊಡಲು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಆದರೆ ಮೂಲಗೇಣಿಗೆ ಕೊನೆಯಿಲ್ಲ, ಅಲ್ಲಿನ ಗುತ್ತಿಗೆಗೆ ಕೊನೆಯ ದಿನ ಇದೆ. ಹೋಲಿಕೆಯಾಗಿ ಬಳಸಿ, ಪರ್ಯಾಯ ಪದವಾಗಿ ಬೇಡ.

ಫ್ರೀಹೋಲ್ಡ್‌ಗೆ 'ಅಷ್ಟಭೋಗ ಸ್ವಾಮ್ಯ' ಕೇಳಲು ಸೊಗಸು. ನಮ್ಮ ಕ್ರಯಪತ್ರಗಳ 'ನಿಧಿ ನಿಕ್ಷೇಪ ಜಲ ಪಾಷಾಣ' ನೆನಪಾಗುತ್ತದೆ. ಆದರೆ ಅಲ್ಲಿ ನೆಲದಡಿಯ ಚಿನ್ನ, ಬೆಳ್ಳಿ ಅರಸೊತ್ತಿಗೆಗೆ ಸೇರಿದ್ದು. 'ಪೂರ್ಣ ಒಡೆತನ' ಎಂದರೆ ಸಾಕು.

ಪೆಪ್ಪರ್‌ಕಾರ್ನ್: 'ನಾಮಮಾತ್ರ ಬಾಡಿಗೆ' ಎಂದು ಬರೆದರೆ ನಮ್ಮವರು ಎಕರೆಗೆ ಒಂದಿಷ್ಟು ರೂಪಾಯಿ ಎಂದುಕೊಳ್ಳುತ್ತಾರೆ. ಕೊಡುವುದು ಏನಾದರೂ ಇರಲೇಬೇಕೆಂಬ ನಿಯಮಕ್ಕಾಗಿ ಬರೆಯುವ ಒಂದು ಮೆಣಸಿನ ಕಾಳು ಅದು. ವಸೂಲಿ ಏನೂ ಇಲ್ಲ. 2022ರ ಜೂನ್ 30ರಿಂದ ಇಂಗ್ಲೆಂಡಿನಲ್ಲಿ ಮಾಡುವ ಹೊಸ ದೀರ್ಘ ವಾಸದ ಗುತ್ತಿಗೆಗಳಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಇದಕ್ಕಿಂತ ಹೆಚ್ಚು ನೆಲಬಾಡಿಗೆ (ಗ್ರೌಂಡ್ ರೆಂಟ್, ಗುತ್ತಿಗೆ ಪಡೆದವರು ಒಡೆಯರಿಗೆ ಕೊಡುವ ಬಾಡಿಗೆ) ಕೇಳುವಂತಿಲ್ಲ. 'ಶೂನ್ಯ ನೆಲಬಾಡಿಗೆ' ಎಂದು ಬರೆದು, ಕಾಳುಮೆಣಸಿನ ವಿಷಯ ಒಂದು ವಾಕ್ಯದಲ್ಲಿ ತಿಳಿಸಿ.

ಮ್ಯಾರೇಜ್ ವ್ಯಾಲ್ಯೂಗೂ ಮದುವೆಗೂ ಸಂಬಂಧವಿಲ್ಲ. ಗುತ್ತಿಗೆ ಪಡೆದವರ ಹಕ್ಕು, ಒಡೆಯರ ಹಕ್ಕು ಬೇರೆಬೇರೆಯಾಗಿ ಬಾಳುವ ಬೆಲೆಗಿಂತ ಎರಡೂ ಕೂಡಿದಾಗ ಬಾಳುವ ಬೆಲೆ ಹೆಚ್ಚು. ಆ ಹೆಚ್ಚಳಕ್ಕೆ ಈ ಹೆಸರು. 'ಕೂಡುಮೌಲ್ಯ' ಎನ್ನಬಹುದು. 1993ರ ಕಾಯ್ದೆಯಡಿ ಫ್ಲ್ಯಾಟಿನ ಗುತ್ತಿಗೆ ವಿಸ್ತರಿಸುವಾಗ ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ ಇದು ಲೆಕ್ಕಕ್ಕೆ ಬರುವುದಿಲ್ಲ, ಇಲ್ಲದಿದ್ದರೆ ಅರ್ಧದಷ್ಟನ್ನು ಒಡೆಯರಿಗೆ ಕೊಡಬೇಕು. 2024ರ ಕಾಯ್ದೆಯಲ್ಲಿ ಇದನ್ನು ತೆಗೆದುಹಾಕುವ ಕಲಮುಗಳಿವೆ, ಹಾಗಾಗಿ ಮೂಲ ಲೇಖನ ಯಾವ ವರ್ಷದ್ದು ಎಂದು ಮೊದಲು ನೋಡಿಕೊಳ್ಳಿ. ಮಾದರಿ ಲೆಕ್ಕ ಕೊಟ್ಟಿದ್ದರೆ ಉಳಿದ ವರ್ಷಗಳನ್ನು 'ಸುಮಾರು 80' ಎಂದು ದುಂಡಗೆ ಮಾಡಬೇಡಿ. ಆ ಗಡಿಯಲ್ಲಿ ಒಂದು ದಿನ ಅತ್ತಿತ್ತಾದರೂ ಕೊಡಬೇಕಾದ ಮೊತ್ತ ಬದಲಾಗುತ್ತದೆ.