ಕೈಗೊಂಬೆ ಬಾಲಚಕ್ರವರ್ತಿಯನ್ನು ಗೇಮ್‌ನಲ್ಲಿ ಹೇಗೆ ಕೂರಿಸಿದಿರಿ? ಅನುಭವ ಹೇಳಿ

ಲುವೊಯಾಂಗ್_ಬಾಗಿಲು:
ಚೀನಾದ ಹಾನ್ ಸಾಮ್ರಾಜ್ಯದ ಕೊನೆಗಾಲದ ಮೇಲೆ ಸ್ಟ್ರಾಟೆಜಿ ಗೇಮ್ ಮಾಡ್ತಿದ್ದೀನಿ. 189ರಿಂದ 220, ವರ್ಷಕ್ಕೆ 4 ಟರ್ನ್, 7 ಬಣ. ಚಕ್ರವರ್ತಿ ಲಿಯು ಶಿಯೆ ಯಾರ ಊರಲ್ಲಿದ್ದಾನೋ ಅವರಿಗೆ ಟರ್ನಿಗೆ 5 ಪ್ರತಿಷ್ಠೆ ಅಂತ ಇಟ್ಟೆ. ಟೆಸ್ಟ್ ಮಾಡಿದವರು ಯಾರೂ ಅವನ ಕಡೆ ತಿರುಗಿಯೂ ನೋಡಲಿಲ್ಲ. 15ಕ್ಕೆ ಏರಿಸಿದೆ, ಎಲ್ಲರೂ ಅವನಿದ್ದ ಚಾಂಗಾನ್ ನಗರದ ಮೇಲೆ ಮುಗಿಬಿದ್ದು 12ನೇ ಟರ್ನಿಗೇ ಆಟ ಮುಗೀತು. ನೀವು ಏನು ಮಾಡಿದಿರಿ?

ಕಣಜ_ಕಾವಲು:
ಪ್ರತಿಷ್ಠೆಯ ಅಂಕಿ ತಿದ್ದಿ ಉಪಯೋಗವಿಲ್ಲ. ಹುಡುಗನ ಆಸ್ಥಾನಕ್ಕೆ ಊಟ ಎಲ್ಲಿಂದ ಬರುತ್ತೆ, ಅದನ್ನ ಮೊದಲು ಬರೀರಿ. ನನ್ನ ಲೆಕ್ಕದಲ್ಲಿ ಸಾವಿರ ಸೈನಿಕರಿಗೆ ಟರ್ನಿಗೆ 40 ಮೂಟೆ, ಆಸ್ಥಾನಕ್ಕೆ 120. ಅಂದ್ರೆ ಚಕ್ರವರ್ತಿಯನ್ನ ಇಟ್ಕೊಂಡವನು ಮೂರು ಸಾವಿರ ಜನರ ಪಡೆಯನ್ನ ಬಿಟ್ಟುಕೊಟ್ಟ ಹಾಗೆ. ಒಂದು ಟರ್ನ್ ಕೊಡದಿದ್ರೆ ಅಧಿಕಾರಿಗಳು ಸೊಪ್ಪು ಆರಿಸೋಕೆ ಹೋಗ್ತಾರೆ, ಎರಡನೇ ಟರ್ನಿಗೆ ಪ್ರತಿಷ್ಠೆ ಅರ್ಧ, ಮೂರನೇದಕ್ಕೆ ಚಕ್ರವರ್ತಿ ಪಕ್ಕದ ಊರಿಗೆ ಓಡಿಹೋಗ್ತಾನೆ. ಕಟ್ಟುಕಥೆ ಅಲ್ಲ, ಮೊದಲೇ ಸುಟ್ಟುಹೋಗಿದ್ದ ಹಳೇ ರಾಜಧಾನಿ ಲುವೊಯಾಂಗ್‌ಗೆ ಆಸ್ಥಾನ 196ರಲ್ಲಿ ವಾಪಸ್ ಬಂದಾಗ ಕೆಳದರ್ಜೆಯ ಅಧಿಕಾರಿಗಳು ಕಾಡುಸೊಪ್ಪು ಕಿತ್ತು ತಂದು ತಿಂದರು, ಕೆಲವರು ಹಸಿವಿನಿಂದಲೇ ಸತ್ತರು.

ಎಲ್ಲಿ ಕೆಡುತ್ತೆ ಅಂದ್ರೆ, 194ರ ಬರದ ಈವೆಂಟು ಮತ್ತು ಆಸ್ಥಾನದ ಖರ್ಚು ಒಂದೇ ಟರ್ನಿನಲ್ಲಿ ಕಳೆದಾಗ ಕಣಜ ಸೊನ್ನೆಗಿಂತ ಕೆಳಗಿಳಿಯುತ್ತೆ, ಸೇನೆ ಚದುರುತ್ತೆ, ಆಗ ಚಾಂಗಾನ್ ಹಿಡಿದಿದ್ದ ದಂಡನಾಯಕ ಲಿ ಜುಯೆಯ ಬಣ ಪ್ರತಿ ಸಲ ತಾನಾಗೇ ಸಾಯುತ್ತೆ. ಆಸ್ಥಾನದ ಪಾಲನ್ನ ಸೇನೆಗಿಂತ ಮೊದಲೇ ಕಳೀರಿ, ಸೊನ್ನೆಗೆ ತಡೆ ಹಾಕಿ. ಇನ್ನೊಂದು, ಕಂಪ್ಯೂಟರ್ ಬಣಗಳು ಖರ್ಚು ನೋಡಿ ಹುಡುಗನನ್ನ ಬಿಟ್ಟೇ ಬಿಡ್ತವೆ. ನಾಲ್ಕು ಟರ್ನಿನ ದಾಸ್ತಾನು ಇದ್ರೆ ಮಾತ್ರ ಅವನನ್ನ ಬಯಸೋ ಹಾಗೆ ಬರೆದ ಮೇಲೆ ಸರಿಹೋಯ್ತು. ವರ್ಷಕ್ಕೆ 5 ಟರ್ನ್ ಮಾಡೋದೂ ಒಳ್ಳೇದು. ಟೋಟಲ್ ವಾರ್ ತ್ರೀ ಕಿಂಗ್‌ಡಮ್ಸ್‌ನಲ್ಲಿ ಸುಗ್ಗಿಗೇ ಬೇರೆ ಟರ್ನ್ ಇದೆ.

ರಾಜಮುದ್ರೆ_ಕೆಂಪು:
ಕಣಜದ ಲೆಕ್ಕ ಮಾಡಿದರೆ ಚಕ್ರವರ್ತಿ ಒಂದು ದುಬಾರಿ ರೆಜಿಮೆಂಟ್ ಆಗ್ತಾನೆ, ಅಷ್ಟೇ. ಅವನ ಬೆಲೆ ಇರೋದು ಆಜ್ಞಾಪತ್ರದಲ್ಲಿ. ಎರಡು ಟರ್ನಿಗೆ ಒಂದು ಆಜ್ಞೆ ಕೊಡಿ, ಮೂರೇ ಬಗೆ: ಪದವಿ ಕೊಡೋದು, ದ್ರೋಹಿ ಅಂತ ಸಾರೋದು, ಇಬ್ಬರಿಗೆ ಸಂಧಿ ಮಾಡಿಸೋದು. ತಗೊಂಡವನು ನಿರಾಕರಿಸಬಹುದು, ಅದಕ್ಕೆ ಅವನಿಗೆ 8 ಅಂಕ ನಷ್ಟ. ನಿರಾಕರಣೆ ಇಲ್ಲದಿದ್ರೆ ಈ ಕಾಲವೇ ಆಟದಲ್ಲಿ ಬರಲ್ಲ. 196ರಲ್ಲಿ ಚಕ್ರವರ್ತಿಯನ್ನ ಕೈಗೆ ತಗೊಂಡ ದಂಡನಾಯಕ ತ್ಸಾವೊ ತ್ಸಾವೊ ತಾನು ಮಹಾಸೇನಾಪತಿಯಾಗಿ, ಎದುರಾಳಿ ಯುವಾನ್ ಶಾವೊಗೆ ಅದಕ್ಕಿಂತ ಕೆಳಗಿನ ತೈವೆಯ್ ಪದವಿ ಕಳಿಸಿದ. ತನಗಿಂತ ಕೆಳಗಿನವನು ಮೇಲೆ ಕೂತ ಅಂತ ಯುವಾನ್ ಶಾವೊ ಕೆರಳಿ ಒಪ್ಪಲಿಲ್ಲ. ಕೊನೆಗೆ ತ್ಸಾವೊ ತ್ಸಾವೊ ದೊಡ್ಡ ಪದವಿಯನ್ನೇ ಅವನಿಗೆ ಬಿಟ್ಟುಕೊಟ್ಟು ತಾನು ಸಿಕೊಂಗ್ ಅನ್ನೋ ಮಂತ್ರಿ ಆದ. ನಿಮ್ಮ ಗೇಮ್‌ನಲ್ಲಿ ಇದು ನಡೆಯುತ್ತಾ? ನಡೆಯದಿದ್ರೆ ಇನ್ನೂ ಕೆಲಸ ಇದೆ.

ಮೊದಲ ಆವೃತ್ತಿಯಲ್ಲಿ ಆಜ್ಞೆಗೆ ಮಿತಿ ಇರಲಿಲ್ಲ, ಒಂದೇ ವರ್ಷದಲ್ಲಿ ಉಳಿದ 6 ಬಣಗಳೂ ದ್ರೋಹಿಗಳಾದವು. ಆಮೇಲೆ ನಂಬಿಕೆ ಅಂತ ಒಂದು ಅಳತೆ ಹಾಕಿದೆ. ಶುರು 60, ಸ್ವಂತ ಲಾಭದ ಪ್ರತಿ ಆಜ್ಞೆಗೆ 7 ಕಳೆಯುತ್ತೆ, 20ರ ಕೆಳಗೆ ಯಾರೂ ಕಿವಿಗೊಡಲ್ಲ. ಆರು ಆಜ್ಞೆಗೆ 18ಕ್ಕೆ ಬರ್ತೀರಿ.

ಕಣಜ_ಕಾವಲು:
ದುಬಾರಿ ರೆಜಿಮೆಂಟ್ ಅಂದವರು 196ರ ಇನ್ನೊಂದು ಸಂಗತಿ ಬಿಟ್ಟುಬಿಟ್ರಿ. ಅದೇ ವರ್ಷ ತ್ಸಾವೊ ತ್ಸಾವೊ ಆಸ್ಥಾನವನ್ನ ಕೂರಿಸಿದ ಶು ನಗರದ ಸುತ್ತ ತುಂತಿಯಾನ್, ಅಂದ್ರೆ ಸರ್ಕಾರಿ ಜಮೀನಿನ ಬೇಸಾಯ, ಶುರುವಾಗಿ ಹತ್ತು ಲಕ್ಷ ಹು (ಒಂದು ಹು ಸುಮಾರು 20 ಲೀಟರ್) ಧಾನ್ಯ ಬಂತು. ಹಾಗಾಗಿ ಆಸ್ಥಾನ ಉಳೀತು. ಹೊಟ್ಟೆಗಿಲ್ಲದ ಆಸ್ಥಾನದ ಆಜ್ಞೆಯನ್ನ ಯಾರು ಓದ್ತಾರೆ?

ಎರಡು_ಬೋಗುಣಿ_ಗಂಜಿ:
ನೀವಿಬ್ಬರೂ ಹುಡುಗನನ್ನ ಒಂದು ಸಾಮಾನು ಅಂತ ನೋಡ್ತಿದ್ದೀರಿ, ನನಗೆ ಅದೇ ಬೇಸರ. 194ರಲ್ಲಿ ಚಾಂಗಾನ್‌ನಲ್ಲಿ ಒಂದು ಹು ಧಾನ್ಯಕ್ಕೆ 5 ಲಕ್ಷ ನಾಣ್ಯ. ಸರ್ಕಾರಿ ಕಣಜದ ಅಕ್ಕಿ-ಕಾಳಲ್ಲಿ ಗಂಜಿ ಕಾಯಿಸಿ ಹಂಚೋಕೆ ಹೌ ವೆನ್ ಅನ್ನೋ ಅಧಿಕಾರಿಗೆ ಹೇಳಿದ್ರು, ಆದ್ರೂ ಸಾವು ನಿಲ್ಲಲಿಲ್ಲ. ಆಗ ಲಿಯು ಶಿಯೆ ತನ್ನೆದುರಿಗೇ ಐದು ಶೆಂಗ್, ಅಂದ್ರೆ ಸುಮಾರು ಒಂದು ಲೀಟರ್ ಅಕ್ಕಿ-ಕಾಳು ಅಳೆಸಿ ಬೇಯಿಸಿದ. ಎರಡು ಬೋಗುಣಿ ಗಂಜಿ ಆಯ್ತು. ಇಷ್ಟು ಕಾಳಿಗೆ ಇಷ್ಟು ಗಂಜಿ ಆಗೋದಾದ್ರೆ ಉಳಿದದ್ದು ಎಲ್ಲಿ ಹೋಯ್ತು ಅಂತ ಕಳ್ಳತನ ಅಲ್ಲಿಗೇ ಸಿಕ್ಕಿಬಿತ್ತು, ಹೌ ವೆನ್‌ಗೆ 50 ಏಟು. ಹುಡುಗನಿಗೆ ಆಗ 13 ವರ್ಷ.

ಅದಕ್ಕೇ ವಯಸ್ಸಿನ ಮೇಲೆ ಮೂರು ಹಂತ ಮಾಡಿ. 12ರ ತನಕ ಅವನಿಂದ ಏನೂ ಇಲ್ಲ. 12ರಿಂದ 17 ವರ್ಷಕ್ಕೊಂದು ತನಿಖೆ, ಅವನನ್ನ ಇಟ್ಕೊಂಡ ಒಡೆಯನ ಒಬ್ಬ ಅಧಿಕಾರಿಯ ಲೂಟಿ ಬಯಲಾಗುತ್ತೆ. 18ರಿಂದ ಗುಪ್ತ ಆಜ್ಞೆ, 200ರಲ್ಲಿ ಆಸ್ಥಾನದ ಸೇನಾಪತಿ ಡೊಂಗ್ ಚೆಂಗ್ ಸೊಂಟಪಟ್ಟಿಯಲ್ಲಿ ಅಡಗಿಸಿದ ಆಜ್ಞೆ ಹಿಡಿದು ತ್ಸಾವೊ ತ್ಸಾವೊ ವಿರುದ್ಧ ಮಾಡಿದ ಸಂಚಿನ ಹಾಗೆ. ಸಂಚಿನ ಸಾಧ್ಯತೆ ಟರ್ನಿಗೆ 10% ಇಟ್ರೆ ಮೂರು ವರ್ಷದಲ್ಲಿ 72% ಆಗಿಬಿಡುತ್ತೆ, ಯಾರೂ ಅವನನ್ನ ಸಾಕಲ್ಲ. 2% ಇಡಿ, 12 ಟರ್ನಿಗೆ 22ರ ಹತ್ತಿರ ನಿಲ್ಲುತ್ತೆ. ಒಡೆಯ ಬೇರೆ ಊರಲ್ಲಿ ಕೂತಿದ್ರೆ ಅದನ್ನ ದುಪ್ಪಟ್ಟು ಮಾಡಿ, 204ರ ನಂತರ ತ್ಸಾವೊ ತ್ಸಾವೊ ಯೆ ನಗರದಲ್ಲಿ, ಚಕ್ರವರ್ತಿ ಶುನಲ್ಲಿ ಇದ್ದ ಹಾಗೆ.

ರಾಜಮುದ್ರೆ_ಕೆಂಪು:
ಪಟ್ಟಕ್ಕೆ ಬಂದಾಗ ಅವನಿಗೆ 9, ನಿಮ್ಮ ಹಂತಗಳೆಲ್ಲ ಒಂದು ವರ್ಷ ತಪ್ಪು.

ಎರಡು_ಬೋಗುಣಿ_ಗಂಜಿ:
9 ಅನ್ನೋದು ಹುಟ್ಟಿದಾಗಲೇ ಒಂದು ಅಂತ ಎಣಿಸೋ ಚೀನೀ ಲೆಕ್ಕ. ಹುಟ್ಟಿದ್ದು 181, ಪಟ್ಟ 189, ತುಂಬಿದ್ದು 8. ವಯಸ್ಸನ್ನ ಅಂಕಿಯಾಗಿ ಇಡಲೇಬೇಡಿ, ಹುಟ್ಟಿದ ವರ್ಷ ಇಟ್ಟು ಕಳೀರಿ. ಎರಡು ಲೆಕ್ಕ ಬೆರೆತ ಕಡತ ನನ್ನ ಹತ್ರ ಇತ್ತು, ಸಂಚು ಒಂದು ವರ್ಷ ಮೊದಲೇ ಸಿಡೀತಿತ್ತು.

ಹುಲಾವೊ_ಕಣಿವೆ:
ಸಾಮ್ರಾಜ್ಯದ ರಾಜಮುದ್ರೆ ಮತ್ತು ಚಕ್ರವರ್ತಿ ಎರಡು ಬೇರೆ ವಸ್ತು ಅಂತ ಯಾರೂ ಹೇಳಲೇ ಇಲ್ಲ. ಎರಡರ ಲಾಭ ಕೂಡಿಸಬೇಡಿ. ಯುವಾನ್ ಶು ಅನ್ನೋ ಇನ್ನೊಬ್ಬ ದಂಡನಾಯಕ ಮುದ್ರೆ ಹಿಡ್ಕೊಂಡು 197ರಲ್ಲಿ ತಾನೇ ಚಕ್ರವರ್ತಿ ಅಂದ, 199ಕ್ಕೆ ಸತ್ತ. ಮುದ್ರೆ ಇದ್ದವನಿಗೆ ಘೋಷಣೆಯ ಗುಂಡಿ ಕೊಡಿ, ಒತ್ತಿದ ಟರ್ನಿಗೇ ಎಲ್ಲ ನೆರೆಯವರ ಸ್ನೇಹ 40 ಇಳಿಸಿ. ಸೇನಾಪತಿ ಸುನ್ ಜಿಯಾನ್‌ಗೆ ಮುದ್ರೆ ಸಿಕ್ಕಿದ ಬಾವಿಯನ್ನ ಮಾತ್ರ ತೆಗೀರಿ, ಅದು ‘ಮೂರು ರಾಜ್ಯಗಳು’ ಕಾದಂಬರಿಯದು.

ರಾಜಮುದ್ರೆ_ಕೆಂಪು:
ಅಲ್ಲ. ಆ ಕಾಲದ ಇತಿಹಾಸಗ್ರಂಥಕ್ಕೆ ಪೈ ಸೊಂಗ್‌ಝಿ ಬರೆದು 429ರಲ್ಲಿ ಒಪ್ಪಿಸಿದ ಟಿಪ್ಪಣಿಯಲ್ಲೇ ಬಾವಿ ಇದೆ, ಬೆಳಗಿನ ಹೊತ್ತು ಅದರ ಮೇಲೆ ಐದು ಬಣ್ಣದ ಹೊಗೆ ಕಾಣಿಸಿತು ಅನ್ನೋದೂ ಇದೆ. ಕಾದಂಬರಿ ಬಂದದ್ದು ಸುಮಾರು ಸಾವಿರ ವರ್ಷ ಆದ ಮೇಲೆ. ಓದಿ ಹೇಳಿ.

ಹುಲಾವೊ_ಕಣಿವೆ:
ಟಿಪ್ಪಣಿಯಲ್ಲಿ ಇದ್ದ ಮಾತ್ರಕ್ಕೆ ನಡೆದದ್ದು ಅಂತಲಾ? ಐದು ಬಣ್ಣದ ಹೊಗೆಯನ್ನೂ ಕೋಡ್ ಮಾಡ್ತೀರಾ?

ಲುವೊಯಾಂಗ್_ಬಾಗಿಲು:
120 ಮೂಟೆ ಹಾಕಿ ನೋಡಿದೆ, 30ನೇ ಟರ್ನ್ ದಾಟಿತು. ಈಗ 220ರಲ್ಲಿ ಲಿಯು ಶಿಯೆ ತ್ಸಾವೊ ತ್ಸಾವೊನ ಮಗ ತ್ಸಾವೊ ಪಿಗೆ ಸಿಂಹಾಸನ ಬಿಟ್ಟುಕೊಟ್ಟ ಕೂಡಲೇ ಗೇಮ್ ಕ್ರ್ಯಾಶ್ ಆಗ್ತಿದೆ.

ಎರಡು_ಬೋಗುಣಿ_ಗಂಜಿ:
ಪಾತ್ರವನ್ನೇ ಅಳಿಸ್ತಿದ್ದೀರಿ, ಅದಕ್ಕೆ. ಆಜ್ಞೆ, ಸಂಚು ಎಲ್ಲವೂ ಅವನನ್ನ ಹುಡುಕ್ತಿರ್ತವೆ. ಅಳಿಸಬೇಡಿ, ಪದವಿ ಬದಲಿಸಿ: ಶಾನ್‌ಯಾಂಗ್‌ನ ಡ್ಯೂಕ್, 10,000 ಮನೆಗಳ ಆದಾಯ. ಅವನು 234ರವರೆಗೆ ಬದುಕಿದ್ದ. ತ್ಸಾವೊ ಪಿ 226ಕ್ಕೇ ಹೋದ.